ಹಳೆಯ ಮೋಟಾರ್ ಸೈಕಲ್ಲಿನ ದೀಪ ಮಂಕಾಗುವುದೇಕೆ?

ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ಮೋಟಾರ್ ಸೈಕಲ್ಲುಗಳು ತಯಾರಾದುವು. ಮೊದಲು ಚೆಕೊಸ್ಲೊವಾಕಿಯಾ ದೇಶದ ಮಾದರಿಯಂತೆ ಜಾವಾ ಎಂಬ ಹೆಸರಿನಲ್ಲಿ, 1970ರ ದಶಕದಿಂದ ಯೆಜ್ಡಿ ಎಂಬ ಹೆಸರಿನಲ್ಲಿ ಅವು ಮಾರಾಟವಾದುವು. ಕಾರ್ಖಾನೆ ಮುಚ್ಚಿ ಬಹಳ ವರ್ಷಗಳಾದರೂ ಆ ಗಾಡಿಗಳು ಹಳ್ಳಿ ಪಟ್ಟಣಗಳಲ್ಲಿ ಇನ್ನೂ ಓಡುತ್ತಿವೆ. ತಂದೆಯ ಕಾಲದ ಗಾಡಿಯನ್ನು ಮಗ ಜೋಪಾನವಾಗಿ ಇಟ್ಟುಕೊಂಡಿರುವ ಮನೆಗಳು ಅನೇಕ.

ಈ ಗಾಡಿಗಳ ಎಂಜಿನ್ ಗಟ್ಟಿಮುಟ್ಟಾದುದು. ಆದರೆ ಒಂದು ದೂರು ಮಾತ್ರ ಎಲ್ಲೆಡೆಯೂ ಕೇಳಿಬರುತ್ತದೆ. ಹಗಲು ಚೆನ್ನಾಗಿ ಓಡುವ ಗಾಡಿ ರಾತ್ರಿ ಕುರುಡಾಗುತ್ತದೆ. ಹೆಡ್‌ಲೈಟು ಹರಳೆಣ್ಣೆ ದೀಪದಂತೆ ಹಳದಿಯಾಗಿ ಉರಿಯುತ್ತದೆ. ಮಾಲೀಕನು ಮೊದಲು ಬಲ್ಬು ಬದಲಾಯಿಸುತ್ತಾನೆ. ಆಮೇಲೆ ಬ್ಯಾಟರಿ ತರುತ್ತಾನೆ. ಕಡೆಗೆ ಡೈನಮೋ ಬಿಚ್ಚಿಸುತ್ತಾನೆ. ಹಣ ಖರ್ಚಾಗುತ್ತದೆ, ದೀಪ ಮಾತ್ರ ಇದ್ದಂತೆಯೇ ಇರುತ್ತದೆ. ಏಕೆಂದರೆ ದೋಷವು ಎಷ್ಟೋ ಸಲ ಈ ಯಾವ ಸಾಮಾನಿನಲ್ಲಿಯೂ ಇರುವುದಿಲ್ಲ. ಅವುಗಳನ್ನು ಕೂಡಿಸುವ ಜೋಡಣೆಗಳಲ್ಲಿ ಇರುತ್ತದೆ. ಅದನ್ನು ಮನೆಯಲ್ಲಿಯೇ, ಅಲ್ಪ ಖರ್ಚಿನಲ್ಲಿ ಪತ್ತೆ ಮಾಡುವ ಬಗೆಯನ್ನು ಇಲ್ಲಿ ತಿಳಿಸಿದೆ.

ಮಂಕು ದೀಪದ ಅಪಾಯ

ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗುವ ಗಾಡಿ ಒಂದು ಸೆಕೆಂಡಿಗೆ 11 ಮೀಟರ್ ಮುಂದೆ ಸಾಗುತ್ತದೆ. ಎದುರಿಗೆ ಏನಾದರೂ ಕಂಡು ಕಾಲು ಬ್ರೇಕಿನ ಮೇಲೆ ಬೀಳುವಷ್ಟರಲ್ಲಿ ಒಂದೂವರೆ ಸೆಕೆಂಡು, ಅಂದರೆ 16–17 ಮೀಟರ್ ದಾರಿ ಕಳೆದುಹೋಗಿರುತ್ತದೆ. ಬ್ರೇಕು ಹಿಡಿದು ನಿಲ್ಲಲು ಇನ್ನೂ ಹನ್ನೆರಡು ಹದಿನೈದು ಮೀಟರ್ ಬೇಕು. ಒಟ್ಟಿನಲ್ಲಿ 30 ಮೀಟರ್ ಮುಂದಿನದು ಕಾಣದಿದ್ದರೆ ಆ ವೇಗದಲ್ಲಿ ಹೋಗುವುದು ಕಣ್ಣು ಕಟ್ಟಿಕೊಂಡು ಓಡಿದಂತೆ.

ನಮ್ಮ ರಸ್ತೆಗಳಲ್ಲಿ ಏನೇನಿರುತ್ತದೆ ಎಂಬುದು ಓದುಗರಿಗೆ ತಿಳಿದೇ ಇದೆ. ಹಿಂದೆ ದೀಪವಿಲ್ಲದ ಎತ್ತಿನ ಗಾಡಿ, ಮಲಗಿದ ದನ, ಸುಗ್ಗಿಯ ಕಾಲದಲ್ಲಿ ತುಳಿಸಲೆಂದು ಹರಡಿದ ರಾಗಿ, ಹುರುಳಿ, ಅದರ ಸುತ್ತ ಕಾವಲಿಗೆ ಇಟ್ಟ ಕಲ್ಲುಗಳು. ಬೆಳಗಿನ ಜಾವ ಡೈರಿಗೆ ಹಾಲು ಒಯ್ಯುವವರೂ ರಾತ್ರಿ ನೀರು ಕಟ್ಟಲು ತೋಟಕ್ಕೆ ಹೋಗುವವರೂ ಇವುಗಳ ನಡುವೆಯೇ ಸಾಗಬೇಕು. ಸೂರ್ಯ ಮುಳುಗಿದ ಅರ್ಧ ಗಂಟೆಯಿಂದ ಹುಟ್ಟುವ ಅರ್ಧ ಗಂಟೆ ಮುಂಚಿನವರೆಗೆ ದೀಪ ಹೊತ್ತಿಸಿಕೊಂಡೇ ವಾಹನ ಓಡಿಸಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳೂ ವಿಧಿಸುತ್ತವೆ.

ಆರು ವೋಲ್ಟಿನ ಲೆಕ್ಕ

ಈಗಿನ ಹೊಸ ಮೋಟಾರ್ ಸೈಕಲ್ಲುಗಳ ಬ್ಯಾಟರಿ 12 ವೋಲ್ಟಿನದು. ಹಳೆಯ ಜಾವಾ, ಯೆಜ್ಡಿಗಳದು 6 ವೋಲ್ಟು. ಕೆಲವು ಗಾಡಿಗಳನ್ನು ಮಾಲೀಕರು 12 ವೋಲ್ಟಿಗೆ ಬದಲಾಯಿಸಿಕೊಂಡಿರುವುದುಂಟು. ಆದುದರಿಂದ ಮೊದಲು ಬ್ಯಾಟರಿ ಮತ್ತು ಬಲ್ಬಿನ ಮೇಲೆ ಬರೆದಿರುವುದನ್ನು ಓದಿರಿ. (2018ರಲ್ಲಿ ಜಾವಾ ಹೆಸರಿನಲ್ಲಿ ಮತ್ತೆ ಮಾರುಕಟ್ಟೆಗೆ ಬಂದ ಗಾಡಿಗಳ ವ್ಯವಸ್ಥೆಯೇ ಬೇರೆ. ಈ ಲೇಖನ ಅವುಗಳಿಗೆ ಅನ್ವಯಿಸುವುದಿಲ್ಲ.)

ಹೆಡ್‌ಲೈಟಿನ ಬಲ್ಬು 35 ವ್ಯಾಟಿನದೆಂದು ಇಟ್ಟುಕೊಳ್ಳೋಣ. 6 ವೋಲ್ಟಿನಲ್ಲಿ ಅದು ಉರಿಯಲು ಸುಮಾರು 5.8 ಆಂಪಿಯರ್ ವಿದ್ಯುತ್ತು ಹರಿಯಬೇಕು. ಅದೇ 35 ವ್ಯಾಟಿಗೆ 12 ವೋಲ್ಟಿನಲ್ಲಿ 2.9 ಆಂಪಿಯರ್ ಸಾಕು. ಅಂದರೆ ಹಳೆಯ ಗಾಡಿಯ ತಂತಿಗಳು ಇಮ್ಮಡಿ ಹೊರೆ ಹೊರುತ್ತವೆ.

ಕಿಲುಬು ಹಿಡಿದ ಒಂದು ಜೋಡಣೆಯಲ್ಲಿ ಕೇವಲ 0.1 ಓಮ್ ತಡೆ ಇದೆಯೆನ್ನಿ. 5.8 ಆಂಪಿಯರ್ ಹರಿದಾಗ ಅಲ್ಲಿ ಸುಮಾರು 0.6 ವೋಲ್ಟು ನಷ್ಟವಾಗುತ್ತದೆ. 6 ವೋಲ್ಟಿನಲ್ಲಿ ಇದು ಹತ್ತನೆಯ ಒಂದು ಪಾಲು. ಆದರೆ ತಂತುವಿನ ಬಲ್ಬಿನ ಬೆಳಕು ವೋಲ್ಟಿನ ಇಳಿತಕ್ಕಿಂತ ಬಹಳ ಬೇಗ ಕುಗ್ಗುತ್ತದೆ. ವೋಲ್ಟು ನೂರಕ್ಕೆ 10 ಇಳಿದರೆ ಬೆಳಕು ನೂರಕ್ಕೆ ಸುಮಾರು 30 ಇಳಿಯುತ್ತದೆ. ಅಂಥ ಎರಡು ಜೋಡಣೆಗಳಿದ್ದರೆ ಅರ್ಧ ಬೆಳಕೇ ಹೋಯಿತು. 12 ವೋಲ್ಟಿನ ಗಾಡಿಯಲ್ಲಿ ಇಂಥದೇ ಒಂದು ಜೋಡಣೆಯಿಂದ ಹೋಗುವ ಬೆಳಕು ನೂರಕ್ಕೆ 8ರಷ್ಟು; ಕಣ್ಣಿಗೆ ಅದು ಗೊತ್ತಾಗುವುದೂ ಕಷ್ಟ. ಹಳೆಯ ಗಾಡಿಯಲ್ಲಿ ಜೋಡಣೆಗಳ ಚೊಕ್ಕಟತನಕ್ಕೆ ಇಷ್ಟು ಮಹತ್ವ ಬಂದಿರುವುದು ಈ ಲೆಕ್ಕದಿಂದ.

ಹೋಗುವ ದಾರಿ, ಬರುವ ದಾರಿ

ಕೆರೆಯ ನೀರು ತೂಬಿನಿಂದ ಹೊರಟು ಕಾಲುವೆಯಲ್ಲಿ ಹರಿದು ಗದ್ದೆ ಸೇರಿದರೆ ಅದರ ಕೆಲಸ ಮುಗಿಯಿತು. ವಿದ್ಯುತ್ತು ಹಾಗಲ್ಲ. ಅದು ಬ್ಯಾಟರಿಯ ಒಂದು ತುದಿಯಿಂದ ಹೊರಟು ದೀಪ ಉರಿಸಿ ಇನ್ನೊಂದು ತುದಿಗೆ ಹಿಂದಿರುಗಲೇಬೇಕು. ಹೋಗುವ ದಾರಿ ಎಷ್ಟು ಮುಖ್ಯವೋ ಬರುವ ದಾರಿಯೂ ಅಷ್ಟೇ ಮುಖ್ಯ.

ಹೋಗುವ ದಾರಿಯಲ್ಲಿ ಫ್ಯೂಸು, ಕೀಲಿಯ ಸ್ವಿಚ್ಚು, ದೀಪದ ಸ್ವಿಚ್ಚು, ಡಿಪ್ ಸ್ವಿಚ್ಚು ಇವು ಬರುತ್ತವೆ. ಬರುವ ದಾರಿಗೆ ಪೂರ್ತಿ ತಂತಿ ಹಾಕಿರುವುದಿಲ್ಲ. ಗಾಡಿಯ ಕಬ್ಬಿಣದ ಚೌಕಟ್ಟೇ ತಂತಿಯ ಕೆಲಸ ಮಾಡುತ್ತದೆ. ಮೆಕ್ಯಾನಿಕ್ಕುಗಳು ಇದನ್ನು ಅರ್ಥ್ ಎನ್ನುತ್ತಾರೆ. ತಂತಿಯ ದೋಷ ಹುಡುಕುವವರು ಅರ್ಥನ್ನು ಮರೆಯುವುದೇ ಹೆಚ್ಚು.

ಹೆಡ್‌ಲೈಟಿನ ಡೂಮು ಮುಂದಿನ ಫೋರ್ಕಿಗೆ ಕೂಡಿಕೊಂಡಿದೆ. ಫೋರ್ಕು ಚೌಕಟ್ಟಿಗೆ ಸೇರುವುದು ಗ್ರೀಸು ತುಂಬಿದ ಬೇರಿಂಗಿನ ಗುಂಡುಗಳ ಮೂಲಕ. ಬೇರೆ ಅರ್ಥ್ ತಂತಿ ಇಲ್ಲದಿದ್ದರೆ ಅಥವಾ ಅದು ತುಂಡಾಗಿದ್ದರೆ, ವಿದ್ಯುತ್ತು ಈ ಗ್ರೀಸಿನ ನಡುವೆ ನುಸುಳಿ ಬರಬೇಕು. ಅಲ್ಲದೆ ಗಾಡಿಗೆ ಹೊಸದಾಗಿ ಬಣ್ಣ ಹಾಕಿಸಿದ ಮೇಲೆ ದೀಪ ಕೆಟ್ಟಿತೆಂದು ಹೇಳುವವರುಂಟು. ಇದು ಆಕಸ್ಮಿಕವಲ್ಲ. ಬಣ್ಣದಲ್ಲಿ, ಅದರಲ್ಲೂ ದಪ್ಪನೆಯ ಪೌಡರ್ ಕೋಟಿಂಗಿನಲ್ಲಿ ವಿದ್ಯುತ್ತು ಹರಿಯುವುದಿಲ್ಲ. ಅರ್ಥ್ ತಂತಿಯ ಬೋಲ್ಟಿನ ಕೆಳಗೆ ಬಣ್ಣ ಕುಳಿತರೆ ದಾರಿ ಮುಚ್ಚಿದಂತೆಯೇ.

ಬೇಕಾದ ಸಲಕರಣೆಗಳು

ಒಂದು ಮಲ್ಟಿಮೀಟರ್, ಒಂದು ಪರೀಕ್ಷಾ ದೀಪ, ಉಪ್ಪುಕಾಗದ, ಸ್ವಲ್ಪ ವ್ಯಾಸಲೀನ್, ಎರಡು ಮೀಟರ್ ದಪ್ಪ ಎಳೆತಂತಿ, ಸ್ಕ್ರೂಡ್ರೈವರ್, ಸ್ಪಾನರ್ ಇಷ್ಟಿದ್ದರೆ ಸಾಕು. ಹಿಂದಿನ ದೀಪದ 6 ವೋಲ್ಟ್ ಬಲ್ಬನ್ನು ಒಂದು ಹೋಲ್ಡರಿಗೆ ಹಾಕಿ ಎರಡು ತಂತಿ ಕಟ್ಟಿಕೊಂಡರೆ ಅದೇ ಪರೀಕ್ಷಾ ದೀಪ.

ಮೊದಲು ಬ್ಯಾಟರಿ ನೋಡಿರಿ

6 ವೋಲ್ಟಿನ ಬ್ಯಾಟರಿಯಲ್ಲಿ ಮೂರು ಕೋಣೆಗಳಿರುತ್ತವೆ. ಪೂರ್ತಿ ಚಾರ್ಜಾಗಿ ಕೆಲವು ಗಂಟೆ ಸುಮ್ಮನಿದ್ದ ಬ್ಯಾಟರಿ ಸುಮಾರು 6.3 ವೋಲ್ಟು ತೋರಿಸಬೇಕು. 6 ವೋಲ್ಟು ಮಾತ್ರ ಇದ್ದರೆ ಅದು ಬಹುಪಾಲು ಬರಿದಾಗಿದೆ ಎಂದು ತಿಳಿಯಿರಿ. ಆಮೇಲೆ ಹೆಡ್‌ಲೈಟು ಹೊತ್ತಿಸಿ ಮತ್ತೆ ಅಳೆಯಿರಿ. ಚಾರ್ಜಾದ ಬ್ಯಾಟರಿಯೂ ಕೂಡಲೇ ಐದೂವರೆಗಿಂತ ಕೆಳಗೆ ಕುಸಿದರೆ ಅದಕ್ಕೆ ವಯಸ್ಸಾಗಿದೆ.

ಬ್ಯಾಟರಿಯ ತುದಿಗಳಲ್ಲಿ ಬಿಳಿ ಅಥವಾ ಹಸಿರು ಕಿಲುಬು ಇದ್ದರೆ ಬಿಸಿನೀರಿನಿಂದ ತೊಳೆದು, ಉಪ್ಪುಕಾಗದದಿಂದ ಉಜ್ಜಿ, ಬಿಗಿಯಾಗಿ ಜೋಡಿಸಿ, ಮೇಲೆ ವ್ಯಾಸಲೀನ್ ಸವರಿರಿ. ಕೋಣೆಗಳಲ್ಲಿ ನೀರು ಕಡಮೆಯಾಗಿದ್ದರೆ ಬಟ್ಟಿ ಇಳಿಸಿದ ನೀರನ್ನು ಮಾತ್ರ ಹಾಕತಕ್ಕದ್ದು; ಬಾವಿಯ ಅಥವಾ ನಲ್ಲಿಯ ನೀರು ಕೂಡದು. ಬ್ಯಾಟರಿಯನ್ನು ಕಳಚುವಾಗ ಯಾವ ತುದಿ ಚೌಕಟ್ಟಿಗೆ ಸೇರಿದೆಯೆಂದು ಗುರುತು ಮಾಡಿಕೊಳ್ಳಿರಿ. ಆ ಅರ್ಥ್ ತುದಿಯನ್ನು ಮೊದಲು ಕಳಚಿ, ಜೋಡಿಸುವಾಗ ಕೊನೆಗೆ ಜೋಡಿಸಿರಿ. ಹಾಗೆ ಮಾಡಿದರೆ ಸ್ಪಾನರು ಎಲ್ಲಾದರೂ ತಾಗಿದರೂ ಕಿಡಿ ಹಾರುವುದಿಲ್ಲ. ಬ್ಯಾಟರಿಯ ಹತ್ತಿರ ಬೀಡಿ ಸೇದಬೇಡಿರಿ. ಅದರಿಂದ ಹೊರಡುವ ಅನಿಲಕ್ಕೆ ಬೆಂಕಿ ತಗುಲಬಹುದು. ಆಮ್ಲ ಕೈಗೆ ತಗುಲಿದರೆ ಧಾರಾಳವಾಗಿ ನೀರು ಹಾಕಿ ತೊಳೆಯಿರಿ.

ನಷ್ಟದ ಜಾಗ ಹುಡುಕುವ ಬಗೆ

ಈ ಲೇಖನದ ಮುಖ್ಯ ವಿಷಯ ಇದೇ. ದೀಪ ಆರಿಸಿಕೊಂಡು ತಂತಿಯ ತುದಿಯಲ್ಲಿ ವೋಲ್ಟು ಅಳೆದರೆ ಮೀಟರು ಪೂರ್ತಿ 6 ವೋಲ್ಟು ತೋರಿಸಿ ಮೋಸ ಮಾಡುತ್ತದೆ. ಅರ್ಧ ಮುಚ್ಚಿದ ನೀರಿನ ಕೊಳವೆಯಲ್ಲಿ ನಲ್ಲಿ ತಿರುಗಿಸುವವರೆಗೆ ಒತ್ತಡ ಪೂರ್ತಿ ಇರುತ್ತದೆ. ತಿರುಗಿಸಿದೊಡನೆ ನೀರು ಸಣ್ಣಗೆ ಜಿನುಗುತ್ತದೆ. ವಿದ್ಯುತ್ತಿನಲ್ಲಿಯೂ ಹಾಗೆಯೇ. ಆದುದರಿಂದ ದೀಪ ಉರಿಯುತ್ತಿರುವಾಗಲೇ ಅಳೆಯಬೇಕು.

ಹೆಡ್‌ಲೈಟಿನ ಬಳೆ ಬಿಚ್ಚಿ ಗಾಜಿನ ಭಾಗವನ್ನು ಹೊರಕ್ಕೆ ತೆಗೆಯಿರಿ. ಹಾಗೆ ತೆಗೆದಾಗ ದೀಪ ಆರಿದರೆ, ಅದರ ಲೋಹದ ಭಾಗವನ್ನು ಡೂಮಿಗೆ ತಾಗಿಸಿ ಹಿಡಿಯಲು ಇನ್ನೊಬ್ಬರ ಸಹಾಯ ಪಡೆಯಿರಿ. ಎಂಜಿನ್ ನಿಂತಿರಲಿ. ಕೀಲಿ ಹಾಕಿಯೇ ಹೆಚ್ಚು ಹೊತ್ತು ಬಿಟ್ಟರೆ ಇಗ್ನಿಷನ್ ಕಾಯಿಲ್ ಕಾದು ಕೆಡಬಹುದು. ಅಳತೆಯನ್ನು ಒಂದೆರಡು ನಿಮಿಷಗಳಲ್ಲಿ ಮುಗಿಸಿ ಕೀಲಿ ತೆಗೆಯಿರಿ.

1. ಬರುವ ದಾರಿ: ಮೀಟರಿನ ಒಂದು ಕಡ್ಡಿಯನ್ನು ಬಲ್ಬಿನ ಹೋಲ್ಡರಿನ ಲೋಹಕ್ಕೂ ಇನ್ನೊಂದನ್ನು ಬ್ಯಾಟರಿಯ ಅರ್ಥ್ ತುದಿಗೂ ಹಿಡಿಯಿರಿ. ಸೊನ್ನೆ ಅಥವಾ 0.1 ವೋಲ್ಟು ಬಂದರೆ ಸರಿ. 0.3 ಅಥವಾ ಹೆಚ್ಚು ಬಂದರೆ ಅಷ್ಟು ವೋಲ್ಟು ಅರ್ಥಿನಲ್ಲಿ ಕಳೆದುಹೋಗುತ್ತಿದೆ ಎಂದರ್ಥ.

2. ಹೋಗುವ ದಾರಿ: ಒಂದು ಕಡ್ಡಿಯನ್ನು ಬ್ಯಾಟರಿಯ ಮತ್ತೊಂದು ತುದಿಗೂ ಇನ್ನೊಂದನ್ನು ಬಲ್ಬಿಗೆ ವಿದ್ಯುತ್ತು ತರುವ ತಂತಿಯ ತುದಿಗೂ ಹಿಡಿಯಿರಿ. 0.3 ವೋಲ್ಟಿನವರೆಗೆ ಬಂದರೆ ಚಿಂತೆಯಿಲ್ಲ. ಅರ್ಧ ವೋಲ್ಟು ದಾಟಿದರೆ ದಾರಿಯಲ್ಲಿ ಎಲ್ಲೋ ತಡೆಯಿದೆ.

3. ತಡೆಯಿರುವ ಜಾಗ: ಬ್ಯಾಟರಿಯ ಕಡೆಯ ಕಡ್ಡಿಯನ್ನು ಅಲ್ಲಿಯೇ ಇರಿಸಿ, ಇನ್ನೊಂದನ್ನು ಫ್ಯೂಸಿನ ಈಚೆ, ಆಚೆ, ಕೀಲಿ ಸ್ವಿಚ್ಚಿನ ಈಚೆ, ಆಚೆ, ಡಿಪ್ ಸ್ವಿಚ್ಚಿನ ಈಚೆ, ಆಚೆ ಎಂದು ಒಂದೊಂದೇ ಹೆಜ್ಜೆ ಸರಿಸುತ್ತ ಹೋಗಿರಿ. ಎಲ್ಲಿ ಮೀಟರಿನ ಅಂಕಿ ಒಮ್ಮೆಗೇ ಏರುತ್ತದೆಯೋ ದೋಷ ಅಲ್ಲಿದೆ. ಅದೊಂದನ್ನು ಬಿಚ್ಚಿ ಉಜ್ಜಿ ಬಿಗಿಮಾಡಿದರೆ ಕೆಲಸವಾಯಿತು.

ಮೀಟರು ಇಲ್ಲದವರು ಅರ್ಥನ್ನು ಹೀಗೆ ಪರೀಕ್ಷಿಸಬಹುದು. ಎರಡು ಮೀಟರಿನ ದಪ್ಪ ತಂತಿಯ ಒಂದು ತುದಿಯನ್ನು ಬ್ಯಾಟರಿಯ ಅರ್ಥ್ ತುದಿಗೂ ಮತ್ತೊಂದನ್ನು ಬಲ್ಬಿನ ಹೋಲ್ಡರಿನ ಲೋಹಕ್ಕೂ ತಾಗಿಸಿರಿ. ದೀಪ ಥಟ್ಟನೆ ಬೆಳ್ಳಗಾದರೆ ದೋಷ ಅರ್ಥಿನದೇ. ಆಗ ಹೊಸ ಅರ್ಥ್ ತಂತಿಯೊಂದನ್ನು ಡೂಮಿನಿಂದ ಚೌಕಟ್ಟಿಗೆ ಕಾಯಂ ಆಗಿ ಹಾಕಿಬಿಡಿರಿ. ಬೋಲ್ಟಿನ ಕೆಳಗೆ ಬಣ್ಣವನ್ನು ಕೆರೆದು ಹೊಳೆಯುವ ಲೋಹ ಕಾಣುವಂತೆ ಮಾಡಿ, ಬಿಗಿದ ಮೇಲೆ ತುಕ್ಕು ಹಿಡಿಯದಂತೆ ವ್ಯಾಸಲೀನ್ ಹಚ್ಚಿರಿ.

ಲಕ್ಷಣ ನೋಡಿ ದೋಷ ತಿಳಿಯುವುದು

ಏನೂ ಉರಿಯುವುದಿಲ್ಲ, ಹಾರ್ನೂ ಇಲ್ಲ: ಫ್ಯೂಸು, ಬ್ಯಾಟರಿಯ ಎರಡು ತುದಿಗಳು, ಅದರ ಅರ್ಥ್ ಬೋಲ್ಟು ಇವನ್ನು ನೋಡಿರಿ.

ಹಾರ್ನು, ಹಿಂದಿನ ದೀಪ ಸರಿ, ಹೆಡ್‌ಲೈಟು ಮಾತ್ರ ಇಲ್ಲ: ಬಲ್ಬು, ಡಿಪ್ ಸ್ವಿಚ್ಚು ನೋಡಿರಿ. ಡಿಪ್ ಉರಿದು ಬ್ರೈಟ್ ಉರಿಯದಿದ್ದರೆ ಅರ್ಥ್ ಸರಿಯಾಗಿದೆ ಎಂದಾಯಿತು. ಬಲ್ಬಿನ ಒಂದು ತಂತು ಹೋಗಿರಬಹುದು ಅಥವಾ ಡಿಪ್ ಸ್ವಿಚ್ಚಿನ ಒಂದು ಬದಿ ಕೆಟ್ಟಿರಬಹುದು.

ಹ್ಯಾಂಡಲ್ ತಿರುಗಿಸಿದಾಗ ದೀಪ ಮಿಣುಕುತ್ತದೆ: ಹ್ಯಾಂಡಲಿನ ಕುತ್ತಿಗೆಯ ಬಳಿ ತಂತಿ ಪದೇ ಪದೇ ಬಾಗಿ, ಹೊದಿಕೆ ಚೆನ್ನಾಗಿದ್ದರೂ ಒಳಗಿನ ಎಳೆಗಳು ತುಂಡಾಗಿರುತ್ತವೆ. ದೀಪ ಹೊತ್ತಿಸಿ ಹ್ಯಾಂಡಲನ್ನು ಎರಡೂ ಕಡೆಗೆ ತಿರುಗಿಸಿದರೆ ಇದು ಬಯಲಾಗುತ್ತದೆ. ಕಣಜ, ಕೊಟ್ಟಿಗೆಗಳ ಬಳಿ ನಿಲ್ಲಿಸುವ ಗಾಡಿಯಲ್ಲಿ ಇಲಿ ಕಡಿದ ತಂತಿಯೂ ಇರಬಹುದು. ಪೆಟ್ರೋಲ್ ಟ್ಯಾಂಕಿನ ಕೆಳಗೆ ನೋಡಲು ಮರೆಯಬೇಡಿರಿ.

ಎಂಜಿನ್ ಜೋರಾದರೆ ದೀಪ ಸರಿ, ನಿಧಾನವಾದರೆ ಮಂಕು: ಡೈನಮೋ ಕೆಲಸ ಮಾಡುತ್ತಿದೆ, ಬ್ಯಾಟರಿ ಸೋತಿದೆ. ನಿಧಾನ ವೇಗದಲ್ಲಿ ದೀಪವನ್ನು ನಡೆಸುವುದು ಬ್ಯಾಟರಿಯೇ. ಈ ಗಾಡಿಗಳಲ್ಲಿ ಎಂಜಿನ್ನಿನ ಕಿಡಿಗೂ ಅದೇ ಬ್ಯಾಟರಿ ಬೇಕಾದುದರಿಂದ, ಇದನ್ನು ಅಲಕ್ಷಿಸಿದರೆ ರಾತ್ರಿ ಗಾಡಿಯೇ ನಿಂತೀತು.

ವೇಗವಾಗಿ ಹೋದಾಗ ಬಲ್ಬುಗಳು ಸುಡುತ್ತವೆ: ಬ್ಯಾಟರಿಯ ಜೋಡಣೆ ಸಡಿಲವಾಗಿದೆ ಅಥವಾ ರೆಗ್ಯುಲೇಟರಿಗೆ ಅರ್ಥ್ ಸರಿಯಿಲ್ಲ. ಬಲ್ಬು ತಂದು ಹಾಕುವ ಮುನ್ನ ಇವೆರಡನ್ನು ಬಿಗಿಮಾಡಿರಿ.

ಜೋಡಣೆಯೆಲ್ಲ ಸರಿ, ಬಲ್ಬಿನ ಬಳಿ ವೋಲ್ಟೂ ಪೂರ್ತಿ, ಆದರೂ ಬೆಳಕಿಲ್ಲ: ಬಲ್ಬಿನ ಹಿಂದಿನ ಕನ್ನಡಿ ಕಪ್ಪಾಗಿದೆ. ಅದನ್ನು ಬಟ್ಟೆಯಿಂದ ಒರೆಸಿದರೆ ಉಳಿದ ಹೊಳಪೂ ಹೋಗುತ್ತದೆ, ಬದಲಾಯಿಸುವುದೇ ಮೇಲು.

ಫ್ಯೂಸು ಪದೇ ಪದೇ ಸುಟ್ಟರೆ

ಎಲ್ಲೋ ಹೊದಿಕೆ ಕಿತ್ತ ತಂತಿ ಚೌಕಟ್ಟಿಗೆ ತಗುಲುತ್ತಿದೆ. ಒಂದಾದ ಮೇಲೊಂದು ಫ್ಯೂಸು ಹಾಕುತ್ತ ಸುಡುವುದು ವ್ಯರ್ಥ. ಫ್ಯೂಸನ್ನು ತೆಗೆದು ಅದರ ಎರಡು ತುದಿಗಳ ನಡುವೆ ಪರೀಕ್ಷಾ ದೀಪವನ್ನು ಕಟ್ಟಿರಿ. ಶಾರ್ಟ್ ಇರುವವರೆಗೆ ಈ ದೀಪ ಪೂರ್ತಿ ಪ್ರಕಾಶದಿಂದ ಉರಿಯುತ್ತದೆ, ತಂತಿಗಳಿಗೆ ಹಾನಿಯಾಗುವುದಿಲ್ಲ. ಎಂಜಿನ್ ನಿಲ್ಲಿಸಿ, ಮೊದಲು ಎಲ್ಲ ಸ್ವಿಚ್ಚುಗಳನ್ನೂ ಆರಿಸಿ ನೋಡಿರಿ. ಆಗಲೂ ಉರಿದರೆ ದೋಷ ಫ್ಯೂಸಿನಿಂದ ಸ್ವಿಚ್ಚಿನವರೆಗಿನ ತಂತಿಯಲ್ಲಿ. ಹೆಡ್‌ಲೈಟಿನ ಸ್ವಿಚ್ಚು ಹಾಕಿದಾಗ ಮಾತ್ರ ಉರಿದರೆ ಆ ಸ್ವಿಚ್ಚಿನ ಮುಂದಿನ ತಂತಿಗಳನ್ನು ಒಂದೊಂದಾಗಿ ಕಳಚಿರಿ. ಯಾವ ತಂತಿ ಕಳಚಿದಾಗ ಪರೀಕ್ಷಾ ದೀಪ ಆರುತ್ತದೆಯೋ ಅಥವಾ ಮಂಕಾಗುತ್ತದೆಯೋ ಅದೇ ತಪ್ಪಿತಸ್ಥ.

ಫ್ಯೂಸಿನ ಜಾಗದಲ್ಲಿ ತಾಮ್ರದ ಎಳೆಯನ್ನಾಗಲಿ ಸಿಗರೇಟಿನ ಬೇಗಡೆಯನ್ನಾಗಲಿ ಸುತ್ತಬೇಡಿರಿ. ಫ್ಯೂಸು ಸುಡದಿದ್ದರೆ ತಂತಿ ಸುಡುತ್ತದೆ. ತಂತಿಯ ಮೇಲೆಯೇ ಪೆಟ್ರೋಲ್ ಟ್ಯಾಂಕಿದೆ.

ಡೈನಮೋ ಚಾರ್ಜು ಕೊಡುತ್ತಿದೆಯೆ?

ಎಂಜಿನ್ ನಿಲ್ಲಿಸಿ ಬ್ಯಾಟರಿಯ ವೋಲ್ಟು ಅಳೆಯಿರಿ. ಆಮೇಲೆ ಎಂಜಿನ್ನನ್ನು ಮಧ್ಯಮ ವೇಗದಲ್ಲಿ ಓಡಿಸಿ ಅಳೆಯಿರಿ. ಸುಮಾರು 7 ವೋಲ್ಟಿಗೆ ಏರಿದರೆ ಚಾರ್ಜು ಸರಿಯಾಗಿದೆ. ಏರದಿದ್ದರೆ ಡೈನಮೋದ ಕಾರ್ಬನ್ ಬ್ರಷ್ಷುಗಳು ಸವೆದಿವೆಯೆ, ಕಮ್ಯುಟೇಟರ್ ಮೇಲೆ ಕಪ್ಪು ಕುಳಿತಿದೆಯೆ ಎಂದು ನೋಡಿರಿ. ಅದನ್ನು ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಮಾತ್ರ ಎಂಜಿನ್ ಚಾಲೂ ಮಾಡಿರಿ. ರೆಗ್ಯುಲೇಟರಿನ ಎಲೆಗಳನ್ನು ಅಂದಾಜಿನ ಮೇಲೆ ಬಗ್ಗಿಸಬೇಡಿರಿ. ಅದು ನುರಿತವರ ಕೆಲಸ.

ಹಳೆಯ 250 ಸಿ.ಸಿ. ಗಾಡಿಯ ಡೈನಮೋ 45 ವ್ಯಾಟಿನಷ್ಟರದು. ಹೆಡ್‌ಲೈಟು, ಹಿಂದಿನ ದೀಪ, ಎಂಜಿನ್ನಿನ ಕಿಡಿ ಇಷ್ಟಕ್ಕೇ ಅದರ ಶಕ್ತಿ ಬಹುಮಟ್ಟಿಗೆ ಮುಗಿಯುತ್ತದೆ. ಹೆಚ್ಚು ಬೆಳಕಿನ ಆಸೆಯಿಂದ 60 ವ್ಯಾಟಿನ ಬಲ್ಬು ಹಾಕಿದರೆ 10 ಆಂಪಿಯರ್ ಬೇಕಾಗಿ ಬ್ಯಾಟರಿ ಬರಿದಾಗುತ್ತದೆ. 6 ವೋಲ್ಟಿನ ಎಲ್.ಇ.ಡಿ. ಬಲ್ಬುಗಳು ಕಡಮೆ ವಿದ್ಯುತ್ತಿನಲ್ಲಿ ಉರಿಯುವುದು ನಿಜ. ಆದರೆ ಹಳೆಯ ಕನ್ನಡಿಗೆ ಅವು ಹೊಂದದಿದ್ದರೆ ಎದುರಿನವರ ಕಣ್ಣು ಕುಕ್ಕುತ್ತವೆ. ಕಿಲುಬು ಹಿಡಿದ ಜೋಡಣೆಯೂ ಹಾಗೆಯೇ ಉಳಿಯುತ್ತದೆ.

ತಂತಿ ಬದಲಾಯಿಸುವಾಗ

ತೆಳು ತಂತಿಯೂ ವೋಲ್ಟನ್ನು ನುಂಗುತ್ತದೆ. 5.8 ಆಂಪಿಯರ್ ಹರಿಯುವಾಗ ಎರಡು ಮೀಟರ್ ಉದ್ದದ ತಾಮ್ರದ ತಂತಿಯಲ್ಲಿ ಆಗುವ ನಷ್ಟ ಹೀಗಿದೆ: 0.5 ಚದರ ಮಿಲಿಮೀಟರ್ ತಂತಿಯಲ್ಲಿ 0.4 ವೋಲ್ಟು, 1.5ರಲ್ಲಿ 0.13 ವೋಲ್ಟು, 2.5ರಲ್ಲಿ 0.08 ವೋಲ್ಟು. ಆದುದರಿಂದ ಹೆಡ್‌ಲೈಟಿಗೂ ಅರ್ಥಿಗೂ 1.5ಕ್ಕೆ ಕಡಮೆಯಿಲ್ಲದ, ಅನೇಕ ಸಣ್ಣ ಎಳೆಗಳುಳ್ಳ ತಂತಿಯನ್ನೇ ಹಾಕಿರಿ. ಒಂದೇ ಗಟ್ಟಿ ಎಳೆಯ ತಂತಿ ಗಾಡಿಯ ಅದುರಿಗೆ ಮುರಿಯುತ್ತದೆ. ಎರಡು ತಂತಿಗಳನ್ನು ಬರಿಗೈಯಲ್ಲಿ ಹೊಸೆದು ಟೇಪು ಸುತ್ತಿದ ಜೋಡಣೆ ಒಂದು ಮಳೆಗಾಲವನ್ನೂ ಕಳೆಯುವುದಿಲ್ಲ. ಬೆಸುಗೆ ಹಾಕಿರಿ ಅಥವಾ ಒತ್ತಿ ಕೂರಿಸುವ ಟರ್ಮಿನಲ್ ಬಳಸಿರಿ.

ವರ್ಷಕ್ಕೊಮ್ಮೆ, ಮುಂಗಾರು ಮುಗಿದ ಮೇಲೆ, ಬ್ಯಾಟರಿಯ ತುದಿಗಳನ್ನೂ ಅರ್ಥ್ ಬೋಲ್ಟುಗಳನ್ನೂ ಫ್ಯೂಸಿನ ಹಿಡಿಕೆಯನ್ನೂ ಬಿಚ್ಚಿ ಉಜ್ಜಿ ಮತ್ತೆ ಬಿಗಿಯುವುದು ಒಳ್ಳೆಯದು. ಇದಕ್ಕೆ ಅರ್ಧ ದಿನ ಸಾಕು. ಊರಿನ ಯುವಕ ಸಂಘದವರು ಒಂದು ಮಲ್ಟಿಮೀಟರನ್ನು ಕೊಂಡು ಇಟ್ಟುಕೊಂಡು, ಐ.ಟಿ.ಐ.ಯಲ್ಲಿ ಕಲಿತ ಹುಡುಗರಿಂದ ಒಂದು ಭಾನುವಾರ ಊರಿನ ಹಳೆಯ ಗಾಡಿಗಳ ದೀಪಗಳನ್ನೆಲ್ಲ ಪರೀಕ್ಷೆ ಮಾಡಿಸಿದರೆ ಬಹು ಜನರಿಗೆ ಉಪಕಾರವಾಗುತ್ತದೆ. ಅಂಗಡಿಗೆ ಹೋಗಿ ಸಾಮಾನು ಕೊಳ್ಳುವುದು ಅಳತೆಯಾದ ನಂತರದ ಮಾತು. ಸುಗ್ಗಿ ಬಂದು ರಸ್ತೆಯ ಮೇಲೆ ಕಾಳು ಹರಡುವ ಮೊದಲೇ ಈ ಕೆಲಸ ಆಗಲಿ.